ಅಳಿವೆಯ ಮೇಲೊಂದು ಗೆರೆ

ಮಂಡಿರಾಯರ ಬಲಗೈ ಹೆಬ್ಬೆರಳು ಎರಡು ತಿಂಗಳ ಹಿಂದೆ ಒಂದು ಕೆಂಪು ಗುಂಡಿಯನ್ನು ಒತ್ತಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ. ಒತ್ತಬೇಕಾದ ಗಳಿಗೆಯಲ್ಲಿ ಆ ಹೆಬ್ಬೆರಳು ಬಾಳೆಹಣ್ಣು ಸುಲಿಯುತ್ತಿತ್ತು.

ರಾಯರು ಕರಾವಳಿ ಸೈಕಲ್ ದಾರಿಗಳ ಕಚೇರಿಯಲ್ಲಿ ಅಳತೆಗಾರ. ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಕೂತರೊಮ್ಮೆ, ಎದ್ದರೊಮ್ಮೆ ಮಂಡಿ ಹಿಡಿದುಕೊಂಡು ನರಳುತ್ತಿದ್ದುದರಿಂದ ಸಹೋದ್ಯೋಗಿಗಳು ಮರುನಾಮಕರಣ ಮಾಡಿದರು. ಮೂಲ ಹೆಸರು ಈಗ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಕಡಲದಂಡೆ, ಅಳಿವೆ, ಉಪ್ಪಿನ ಗದ್ದೆ, ಜೌಗುನೆಲಗಳ ನಡುವೆ ಪೇಟೆಯ ಜನ ಮೌಂಟೇನ್ ಬೈಕ್ ಓಡಿಸಲು ಹದಿನಾಲ್ಕು ದಾರಿಗಳನ್ನು ಹುಡುಕಿ ನಕ್ಷೆ ಅಚ್ಚುಹಾಕಿಸುವುದು ಆ ಕಚೇರಿಯ ಕೆಲಸ. ಆ ಸೀಮೆಯಲ್ಲಿ ಮೌಂಟೇನ್ ಎನ್ನುವಂಥದ್ದು ಯಾವುದೂ ಇರಲಿಲ್ಲ. ಎಲ್ಲಕ್ಕಿಂತ ಎತ್ತರದ ಜಾಗವೆಂದರೆ ಕಚೇರಿಯ ಮಹಡಿಯ ಮೇಲಿನ ನೀರಿನ ತೊಟ್ಟಿ. ರಾಯರು ಒಮ್ಮೆ ಸಭೆಯಲ್ಲಿ ಈ ವಿಷಯ ಎತ್ತಿದಾಗ, "ಬೆಟ್ಟ ಇಲ್ಲ ಅಂತ ಬೇಜಾರಾಗ್ಬೇಡಿ, ಮರಳಿದೆಯಲ್ಲ" ಎಂದು ನಿರ್ದೇಶಕಿ ಸಮಾಧಾನ ಹೇಳಿದ್ದರು.

ಮರಳೇನೋ ಇತ್ತು. ಹದಿನಾಲ್ಕರಲ್ಲಿ ಹದಿಮೂರು ದಾರಿಗಳ ಮರಳು, ಕೆಸರು, ಮುಳ್ಳು, ಬಿಸಿಲನ್ನು ರಾಯರು ತಮ್ಮ ಎರಡು ಮಂಡಿಗಳಿಂದ ಇಂಚಿಂಚಾಗಿ ಅಳೆದಿದ್ದರು. ಎರಡನೇ ದಾರಿಯ ಮರಳದಿಬ್ಬದಲ್ಲಿ ಸೈಕಲ್ ಅವರನ್ನು ಹೊತ್ತದ್ದಕ್ಕಿಂತ ಅವರು ಸೈಕಲ್ಲನ್ನು ಹೊತ್ತದ್ದೇ ಹೆಚ್ಚು. ಐದನೇ ದಾರಿಯಲ್ಲಿ ಉಪ್ಪಿನ ಗದ್ದೆಯ ಬದುವಿನಿಂದ ಜಾರಿಬಿದ್ದು, ಸಂಜೆ ಮನೆ ಸೇರುವಾಗ ಒಣಮೀನಿನ ಹಾಗೆ ಬೆಳ್ಳಗಾಗಿದ್ದರು. ಹನ್ನೊಂದನೇ ದಾರಿಯಲ್ಲಿ ದೀಪಸ್ತಂಭ ಕಾಯುವ ನಾಯಿ ಅವರ ಪ್ಯಾಂಟಿನ ಎಡಗಾಲನ್ನು ಇವತ್ತಿಗೂ ವಾಪಸು ಕೊಟ್ಟಿಲ್ಲ.

ಇಷ್ಟೂ ಶ್ರಮಕ್ಕೆ ಸಾಕ್ಷಿ, ಹ್ಯಾಂಡಲಿಗೆ ಕಟ್ಟಿದ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ. ಸೈಕಲ್ ಹೋದ ಕಡೆಯೆಲ್ಲ ಅದೊಂದು ಗೆರೆ ಎಳೆಯುತ್ತದೆ, ಆ ಗೆರೆ ಕಚೇರಿಯ ಕಂಪ್ಯೂಟರಿನಲ್ಲಿ ಮೂಡುತ್ತದೆ. ಗೆರೆ ಇದ್ದಲ್ಲಿ ದಾರಿ ಇದೆ ಎಂಬುದು ಕಚೇರಿಯ ಮೊದಲ ನಿಯಮ. ಅಳತೆಗಾರ ನಡುವೆ ಯಾವುದಾದರೂ ವಾಹನ ಹತ್ತಿದರೆ ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಬೇಕು ಎಂಬುದು ಎರಡನೆಯದು.

ಒಂಬತ್ತನೇ ದಾರಿ, ನದಿ ಕಡಲು ಸೇರುವ ಅಳಿವೆಯ ಈ ದಡದಿಂದ ಸೇತುವೆ ಸುತ್ತಿಕೊಂಡು ಆ ದಡಕ್ಕೆ ಹದಿನೆಂಟು ಕಿಲೋಮೀಟರು. ಅವತ್ತು ರಾಯರ ಮಂಡಿಗಳು ಮುಷ್ಕರ ಹೂಡಿದ್ದವು. ಎದುರಿಗೇ ದೋಣಿ ನಿಂತಿತ್ತು. ಸೈಕಲ್ ಸಮೇತ ಹತ್ತಿ ಕೂತರು, ಬಾಳೆಹಣ್ಣು ಸುಲಿದರು, ಆ ದಡದಲ್ಲಿ ಇಳಿದರು. ಕೆಂಪು ಗುಂಡಿ ನೆನಪಾದದ್ದು ರಾತ್ರಿ ಊಟಕ್ಕೆ ಕೂತಾಗ. ಯಂತ್ರ ಕಂಡುಹಿಡಿದೀತು ಎಂದು ಎರಡು ದಿನ ಹೆದರಿದರು. ಯಂತ್ರ ಕಂಡುಹಿಡಿಯಲಿಲ್ಲ. ಹುಟ್ಟು ಹಾಕುವ ದೋಣಿಯ ವೇಗಕ್ಕೂ ರಾಯರ ಸೈಕಲ್ಲಿನ ವೇಗಕ್ಕೂ ಅದಕ್ಕೆ ವ್ಯತ್ಯಾಸವೇ ಗೊತ್ತಾಗಿರಲಿಲ್ಲ. ನೀರಿನ ಮೇಲೆ ಹೋದ ಗೆರೆಯನ್ನು ನಕ್ಷೆ ಬಿಡಿಸುವವನಾದರೂ ನೋಡಿ ಕೇಳುತ್ತಾನೆ, ಆಗ ಏನಾದರೂ ಹೇಳಿದರಾಯಿತು ಎಂದುಕೊಂಡರು. ಅವನು ಕೇಳಲಿಲ್ಲ. ರಾಯರು ಮರೆತರು.

ನೆನಪಿಸಲು, ಎರಡು ತಿಂಗಳ ಮೇಲೆ ಒಂದು ಶನಿವಾರ ಬೆಳಿಗ್ಗೆ ಏಳಕ್ಕೆ ಡ್ರಿಲ್ ಮೇಷ್ಟ್ರು ಬಂದರು. ಹೆಂಡತಿಯ ಅಣ್ಣ. ನಿವೃತ್ತರಾಗಿ ಆರು ವರ್ಷವಾಗಿದ್ದರೂ ಕೊರಳಿನ ಸೀಟಿ ಇನ್ನೂ ನಿವೃತ್ತವಾಗಿರಲಿಲ್ಲ. ಕೈಯಲ್ಲಿ ಅಚ್ಚಿನ ಮನೆಯಿಂದ ಆಗಷ್ಟೇ ಬಂದ ಹೊಸ ನಕ್ಷೆ.

"ಭಾವ, ಇಷ್ಟು ದಿನ ನಿಮ್ಮನ್ನ ನಾನು ಏನೋ ಅಂದ್ಕೊಂಡಿದ್ದೆ," ಎಂದರು ಮೇಷ್ಟ್ರು, ಕುರ್ಚಿ ಎಳೆದುಕೊಂಡು.

"ಏನಂದ್ಕೊಂಡಿದ್ರಿ?"

"ಅದು ಬಿಡಿ, ಬೆಳಿಗ್ಗೆ ಬೆಳಿಗ್ಗೆ ಯಾಕೆ. ಇದು ಕೇಳಿ." ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಓದಿದರು. "ಒಂಬತ್ತನೇ ದಾರಿ. ಅಳಿವೆಯ ನಟ್ಟನಡುವೆ ಹಾದುಹೋಗುವ ಒಂದು ಕಿಲೋಮೀಟರಿನ ಅಪೂರ್ವ ಪಥ. ಇಳಿತದ ವೇಳೆಯಲ್ಲಿ ಮಾತ್ರ ತೆರೆದುಕೊಳ್ಳುವ ಗಟ್ಟಿ ನೆಲ. ಸುಲಭ. ಹಿರಿಯ ನಾಗರಿಕರಿಗೂ ಸೂಕ್ತ."

ರಾಯರು ಕೈಯಲ್ಲಿದ್ದ ಲೋಟ ಕೆಳಗಿಟ್ಟು, ನಕ್ಷೆ ಕಸಿದುಕೊಂಡು ಅದೇ ಸಾಲನ್ನು ತಾವೂ ಓದಿದರು.

"ನೀವು ಸಮುದ್ರದ ನೀರಲ್ಲಿ ಸೈಕಲ್ ಹೊಡೆದ್ರಾ?" ಹೆಂಡತಿ ಅಡುಗೆಮನೆಯಿಂದ ಇಣುಕಿದರು. "ಇಲ್ಲಿ ಒಂದು ಗ್ಯಾಸ್ ಸಿಲಿಂಡರ್ ಸರಿಸಿ ಅಂದ್ರೆ ಮಂಡಿ ಅಂತೀರಿ."

"ಇವತ್ತು ಹನ್ನೊಂದು ಗಂಟೆಗೆ ಉದ್ಘಾಟನೆ ಅಲ್ವಾ," ಎಂದರು ಮೇಷ್ಟ್ರು. "ನಿಮ್ಮ ನಿರ್ದೇಶಕಿ ಹದಿನಾಲ್ಕರಲ್ಲಿ ಇದೇ ದಾರಿ ಆರಿಸ್ಕೊಂಡಿದ್ದಾರಂತೆ. ನೀವು ಮುಂದೆ, ಅವರು ಹಿಂದೆ. ನಮ್ಮ ಬೀದಿಯವರಿಗೆಲ್ಲ ಹೇಳ್ಬಿಟ್ಟಿದೀನಿ, ಎರಡು ವ್ಯಾನ್ ಬರ್ತಿದೆ. ಯಾಕ್ರೀ ಭಾವ, ಬೆವರ್ತಿದೀರಿ?"

ರಾಯರು ಬೆವರಿದ್ದು ಬರೀ ಅಳಿವೆಯ ಭಯಕ್ಕಲ್ಲ. ನಕ್ಷೆ ವಿಭಾಗದ ಮೇಲ್ವಿಚಾರಕರ ಕುರ್ಚಿ ಖಾಲಿಯಾಗಿ ಐದು ತಿಂಗಳಾಗಿತ್ತು. ಫ್ಯಾನಿನ ನೇರ ಕೆಳಗೆ, ಕಿಟಕಿಗೆ ಬೆನ್ನು ಮಾಡಿ, ಎರಡು ಕಡೆ ಕೈ ಊರಿ ಕೂರಬಹುದಾದ ಕುರ್ಚಿ. ಅದರಲ್ಲಿ ಕೂತವನು ಸಾಯುವವರೆಗೆ ಸೈಕಲ್ ಮುಟ್ಟಬೇಕಾಗಿಲ್ಲ. ಮೂರು ತಿಂಗಳು ಹದಿಮೂರು ದಾರಿಗಳಲ್ಲಿ ಗಾಣದೆತ್ತಿನ ಹಾಗೆ ತುಳಿದದ್ದೆಲ್ಲ ಆ ಒಂದು ಕುರ್ಚಿಗಾಗಿ. ಯಾರಿಗೆ ಅದು ಎಂಬುದನ್ನು ನಿರ್ದೇಶಕಿ ಈ ದಿನ ಉದ್ಘಾಟನೆಯಲ್ಲೇ ಹೇಳುವವರಿದ್ದರು. ಪೈಪೋಟಿಗೆ ಇದ್ದವನು ಒಬ್ಬನೇ, ನಕ್ಷೆಗಾರ.

ಎಂಟು ಗಂಟೆಗೆ ರಾಯರು ಅವನ ಮೇಜಿನ ಮುಂದೆ ನಿಂತಿದ್ದರು. ನಕ್ಷೆಗಾರ ಇಸ್ತ್ರಿ ಮುರಿಯದ ಅಂಗಿಯಲ್ಲಿ, ಬಿಸಿಲು ಕಾಣದ ಮುಖದಲ್ಲಿ, ಫ್ರಿಜ್ಜಿನಿಂದ ಈಗಷ್ಟೇ ತೆಗೆದ ಸೌತೆಕಾಯಿಯ ಹಾಗಿದ್ದ.

"ರೀ, ಒಂಬತ್ತರಲ್ಲಿ ನೀವು ದಾರಿ ಬರೆದಿರೋದು ನೀರಿನ ಮೇಲೆ," ಎಂದರು ರಾಯರು.

"ನಕ್ಷೆಯಲ್ಲಿ ಅಲ್ಲಿ ನೀಲಿ ಇತ್ತು, ಒಪ್ತೀನಿ. ಆದ್ರೆ ನಿಮ್ಮ ಗೆರೆ ಅದರ ಮೇಲೇ ಹೋಗಿತ್ತು. ಗೆರೆ ಇದೆ ಅಂದ್ರೆ ದಾರಿ ಇರಬೇಕು. ದಾರಿ ಇದೆ ಅಂದ್ರೆ ನೆಲ ಇರಬೇಕು. ನೀಲಿ ಅಳಿಸಿ ಕಂದು ಹಚ್ಚಿದೆ."

"ಹೋಗಿ ನೋಡದೇನೇ?"

"ನೋಡೋದು ನಿಮ್ಮ ಕೆಲಸ, ರಾಯರೇ. ನನ್ನದು ಬಣ್ಣ."

"ಇಳಿತದಲ್ಲಿ ತೆರೆಯುವ ಗಟ್ಟಿ ನೆಲ ಅಂತ ಬರೆದಿದ್ದೀರಲ್ಲ, ಅದು?"

"ನೀಲಿ ಜಾಗದಲ್ಲಿ ದಾರಿ ಇದ್ರೆ ಅದು ನೀರಿಳಿದಾಗ್ಲೇ ತಾನೆ ಕಾಣೋದು? ಮೆತ್ತಗಿದ್ರೆ ಸೈಕಲ್ ಹೋಗ್ತಿರ್ಲಿಲ್ಲ, ಹಾಗಾಗಿ ಗಟ್ಟಿ. ಕೂತಲ್ಲೇ ಅಷ್ಟು ತಿಳ್ಕೊಳ್ಳೋ ಶಕ್ತಿ ದೇವರು ನನಗೆ ಕೊಟ್ಟಿದ್ದಾನೆ."

"ಮತ್ತೆ ಹಿರಿಯ ನಾಗರಿಕರಿಗೂ ಸೂಕ್ತ ಅಂತ?"

"ನೀವೇ ಹೋಗಿದ್ದೀರಲ್ಲ."

ರಾಯರಿಗೆ ಐವತ್ತೆರಡು. ಬೇರೆ ದಿನವಾಗಿದ್ದರೆ ಈ ಮಾತಿಗೆ ಒಂದು ಜಗಳ ಆಗುತ್ತಿತ್ತು.

"ಯಾಕೆ ಕೇಳ್ತಿದೀರಿ?" ನಕ್ಷೆಗಾರ ಮೊದಲ ಬಾರಿಗೆ ತಲೆ ಎತ್ತಿದ. ಕಣ್ಣಲ್ಲಿ ಏನೋ ಮಿನುಗಿತು. "ನೀವು ಆ ದಾರೀಲಿ ಹೋಗಿಲ್ವಾ?"

"ಹೋಗದೆ ಏನು," ಎಂದರು ರಾಯರು. "ಹೋಗಿದ್ದಕ್ಕೇ ಕೇಳ್ತಿದೀನಿ."

ಒಂಬತ್ತು ಗಂಟೆಗೆ ಅಳಿವೆಯ ದಡ ತಲುಪಿದರು. ನೀರು ಇಳಿಯತೊಡಗಿತ್ತು. ಪೆಂಡಾಲಿನ ಕಂಬಗಳು ನಿಂತಿದ್ದವು, ಧ್ವನಿವರ್ಧಕದವನು ತಂತಿ ಎಳೆಯುತ್ತಿದ್ದ. ರಾಯರು ಯಾರ ಕಣ್ಣಿಗೂ ಬೀಳದ ಹಾಗೆ ದೋಣಿಯ ಕಡೆ ಜಾರಿದರು. ದೋಣಿಯವನು ಹಗ್ಗದ ಗಂಟು ಬಿಡಿಸುತ್ತಿದ್ದ.

"ಏನಪ್ಪಾ, ಈ ನೀರಲ್ಲಿ ನಡೆದು ದಾಟೋ ಜಾಗ ಎಲ್ಲಾದ್ರೂ ಇದೆಯಾ?"

ದೋಣಿಯವನು ಹಗ್ಗ ಕೆಳಗಿಟ್ಟ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡಿದ.

"ನಡೆದಾ? ಸಾರ್, ಹೋದ ವರ್ಷ ಒಂದು ಎಮ್ಮೆ ಇಳೀತು. ಕೊಂಬು ಕೂಡ ಸಿಗ್ಲಿಲ್ಲ."

"ಇಳಿತದಲ್ಲೂ ಅಷ್ಟೇನಾ?"

"ಇಳಿತದಲ್ಲಿ ಇನ್ನೂ ಮೋಸ. ನೀರಾದ್ರೆ ಈಜಬಹುದು, ಕೆಸರಲ್ಲಿ ಏನ್ಮಾಡ್ತೀರಿ? ಮೊದಲು ಸೊಂಟದವರೆಗೆ ಎಳ್ಕೊಳ್ಳುತ್ತೆ. ಆಮೇಲೆ ನಿಧಾನಕ್ಕೆ."

"ಏನು ನಿಧಾನಕ್ಕೆ?"

"ಉಳಿದಿದ್ದು."

ರಾಯರು ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಜೇಬಿನಿಂದ ಭರತ-ಇಳಿತದ ಪಟ್ಟಿ ತೆಗೆದರು. ಹನ್ನೊಂದೂ ನಲವತ್ತಕ್ಕೆ ಪೂರ್ತಿ ಇಳಿತ. ಒಂದು ಗಂಟೆಯ ಹೊತ್ತಿಗೆ ನೀರು ಮತ್ತೆ ಏರಿರುತ್ತದೆ. ಏರಿದ ಮೇಲೆ, ಅಯ್ಯೋ ತಡವಾಯ್ತು, ಇನ್ನೊಂದು ದಿನ ನೋಡೋಣ ಎಂದುಬಿಡಬಹುದು. ಇನ್ನೊಂದು ದಿನ ತಾನು ಕುರ್ಚಿಯಲ್ಲಿರುತ್ತೇನೆ; ಕುರ್ಚಿಯಲ್ಲಿ ಕೂತವನು ನಕ್ಷೆಯಲ್ಲಿ ಒಂದು ದಾರಿಯನ್ನು 'ದುರಸ್ತಿಗಾಗಿ ಮುಚ್ಚಲಾಗಿದೆ' ಎಂದು ಬರೆಯಲು ಎಷ್ಟು ಹೊತ್ತು? ಹಾಗಾಗಿ ಈಗ ಬೇಕಾದ್ದು ಇಷ್ಟೇ, ಎರಡು ಗಂಟೆ ತಡ.

ಪೆಂಡಾಲಿನ ಹಿಂದೆ ಹನ್ನೆರಡು ಹೊಸ ಮೌಂಟೇನ್ ಬೈಕುಗಳು ಸಾಲಾಗಿ ನಿಂತಿದ್ದವು. ರಾಯರು ಬೂಟಿನ ದಾರ ಕಟ್ಟುವವರ ಹಾಗೆ ಮೊದಲನೆಯದರ ಪಕ್ಕ ಕೂತು ಗಾಳಿ ಬಿಟ್ಟರು. ಆಹಾ, ಎಂಥ ಹಿತವಾದ ಸದ್ದು. ಎರಡನೆಯದಕ್ಕೆ ಜರುಗಿದರು. ಮೂರು, ನಾಲ್ಕು. ಐದನೆಯದಕ್ಕೆ ಕೈ ಹಾಕುವಾಗ ಬೆನ್ನ ಹಿಂದೆ ಸೀಟಿ ಕೇಳಿಸಿತು.

"ಭಾವ, ನೀವೂ ನೋಡಿದ್ರಾ?" ಮೇಷ್ಟ್ರು ಕೈಯಲ್ಲಿ ಗಾಳಿ ಪಂಪು ಹಿಡಿದು ನಿಂತಿದ್ದರು. "ಯಾವನೋ ಕಿಡಿಗೇಡಿ ಗಾಳಿ ಬಿಟ್ಕೊಂಡು ಹೋಗ್ತಿದಾನೆ. ನೀವು ಪರೀಕ್ಷೆ ಮಾಡ್ತಿದೀರಲ್ಲ, ಒಳ್ಳೇದಾಯ್ತು. ನೀವು ಹಾಗೇ ಮುಂದೆ ನೋಡ್ಕೊಂಡು ಹೋಗಿ, ನಾನು ಹಿಂದಿನಿಂದ ತುಂಬಿಸ್ಕೊಂಡು ಬರ್ತೀನಿ."

ಹೀಗೆ ಮುಂದೆ ರಾಯರು ಗಾಳಿ ಬಿಡುತ್ತ, ಹಿಂದೆ ಮೇಷ್ಟ್ರು ಗಾಳಿ ತುಂಬುತ್ತ ಹನ್ನೆರಡು ಸೈಕಲ್ಲುಗಳ ಸಾಲನ್ನು ಮುಗಿಸಿದರು. ಸರ್ಕಾರಿ ಕೆಲಸಗಳು ಸಾಮಾನ್ಯವಾಗಿ ನಡೆಯುವ ಕ್ರಮದಲ್ಲೇ ಅದೂ ನಡೆಯಿತು. ಕೊನೆಯಲ್ಲಿ ಎಲ್ಲವೂ ಮೊದಲಿದ್ದ ಹಾಗೇ ಇತ್ತು, ಇಬ್ಬರಿಗೂ ಸುಸ್ತಾಗಿತ್ತು.

"ಪ್ರತಿಯೊಂದೂ ಕಲ್ಲಿನ ಹಾಗಿದೆ ಈಗ," ಎಂದು ಮೇಷ್ಟ್ರು ಕೊನೆಯ ಟೈರನ್ನು ತಟ್ಟಿದರು. "ನಿಮ್ಮ ಕುರ್ಚಿ ಗ್ಯಾರಂಟಿ, ಭಾವ. ನಾನಿದೀನಿ."

ನಿರ್ದೇಶಕಿ ಸರಿಯಾಗಿ ಹನ್ನೊಂದಕ್ಕೆ ಹೆಲ್ಮೆಟ್ ಹಾಕಿಕೊಂಡೇ ಬಂದರು. ತಡವಾಗಿ ಬರುವ ಅಧಿಕಾರಿಗಳ ಬಗ್ಗೆ ಜೀವಮಾನವಿಡೀ ಗೊಣಗಿದ್ದ ರಾಯರಿಗೆ ಆ ಕ್ಷಣ ಅಂಥವರ ಮೇಲೆ ಬಹಳ ಪ್ರೀತಿ ಬಂತು. ನಿರ್ದೇಶಕಿಯ ಹಿಂದೆ, ತಲೆಗೆ ಹೆಲ್ಮೆಟ್ಟು, ಮಂಡಿಗೆ ಕವಚ, ಮೊಣಕೈಗೆ ಕವಚ ಕಟ್ಟಿಕೊಂಡು, ಅಂಗಡಿಯಿಂದ ಈಗಷ್ಟೇ ಬಿಚ್ಚಿ ತಂದ ಹಾಗೆ ಒಬ್ಬ ಮುದುಕರು ಇಳಿದರು.

"ನಮ್ಮ ಮಾವನವರು," ಎಂದರು ನಿರ್ದೇಶಕಿ. "ಎಪ್ಪತ್ನಾಲ್ಕು. ಹಿರಿಯ ನಾಗರಿಕರಿಗೂ ಸೂಕ್ತ ಅಂತ ಹಾಕಿದ್ರಲ್ಲ, ಓದಿ ಹಟ ಹಿಡಿದುಬಿಟ್ರು. ನಿಮ್ಮ ಭರವಸೆ ಮೇಲೆ ಕರ್ಕೊಂಡು ಬಂದಿದೀನಿ."

"ಹೈಸ್ಕೂಲಲ್ಲಿ ಸೈಕಲ್ ರೇಸಿನಲ್ಲಿ ಎರಡನೇ ಬಹುಮಾನ ನಂದು," ಎಂದರು ಮುದುಕರು.

"ಎಷ್ಟು ಜನ ಓಡಿದ್ರಿ?" ಮೇಷ್ಟ್ರಿಗೆ ಆಸಕ್ತಿ ಹುಟ್ಟಿತು.

"ಇಬ್ಬರು. ಇವತ್ತು ಮಾತ್ರ ಮೊದಲು ದಾಟೋದು ನಾನೇ, ಮೊದಲೇ ಹೇಳ್ಬಿಟ್ಟಿದೀನಿ."

ನಿರ್ದೇಶಕಿ ರಾಯರನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ಮೇಲ್ವಿಚಾರಕರು ಯಾರು ಅಂತ ಆ ದಡ ಮುಟ್ಟಿದ ತಕ್ಷಣ ಹೇಳ್ತೀನಿ. ಇಂಥ ದಾರಿ ಕಂಡುಹಿಡಿದವರಿಗೆ ಬಿಟ್ಟು ಇನ್ಯಾರಿಗೆ ಕೊಡ್ಲಿ? ಈಗಲೇ ಯಾರಿಗೂ ಹೇಳ್ಬೇಡಿ. ಎರಡು ಮಾತಾಡಿ, ಹೊರಡೋಣ."

ಎರಡು ಮಾತು. ರಾಯರು ಮೈಕು ಹಿಡಿದರು. ಚಕ್ರ ಹುಟ್ಟಿದ ಕಾಲದಿಂದ ಶುರುಮಾಡಿದರು. ಚಕ್ರದಿಂದ ಗಾಡಿಗೆ ಬರಲು ಎಂಟು ನಿಮಿಷ ಹಿಡಿಯಿತು, ಗಾಡಿಯಿಂದ ಸೈಕಲ್ಲಿಗೆ ಹತ್ತು. ಮರಳಿನಲ್ಲಿ ಎಷ್ಟು ಬಗೆ ಎಂದು ವಿವರಿಸಿದರು. ಮಂಡಿಯ ರಚನೆಯನ್ನು ತಮ್ಮದೇ ಮಂಡಿ ತೋರಿಸಿ ತಿಳಿಸಿದರು. ಬೀದಿಯಿಂದ ಬಂದಿದ್ದ ಎರಡು ವ್ಯಾನಿನ ಜನ ಒಬ್ಬರ ಹೆಗಲ ಮೇಲೊಬ್ಬರು ಒರಗಿದರು. ಮಾತಾಡುತ್ತಲೇ ರಾಯರು ಓರೆಗಣ್ಣಿನಿಂದ ಅಳಿವೆಯನ್ನು ನೋಡುತ್ತಿದ್ದರು. ನೀರು ಹಿಂದೆ ಸರಿದು ಎರಡೂ ಕಡೆ ಕೆಸರು ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತಿತ್ತು. ನಡುವೆ ಉಳಿದ ನೀರಿನಲ್ಲಿ ಒಂದು ಎಮ್ಮೆಯ ಕೊಂಬು ಕಂಡಂತೆ ಎರಡು ಸಲ ಅನ್ನಿಸಿತು.

"ರಾಯರೇ," ನಕ್ಷೆಗಾರ ವೇದಿಕೆಯ ಕೆಳಗಿನಿಂದ ಎಲ್ಲರಿಗೂ ಕೇಳುವ ಹಾಗೆ ಮೃದುವಾಗಿ ಹೇಳಿದ, "ಇಳಿತ ಮುಗಿಯೋದರೊಳಗೆ ದಾಟಬೇಕಲ್ವಾ?"

"ಮುಗಿಸ್ತೀನಿ. ಇನ್ನು ಬ್ರೇಕಿನ ವಿಷಯ ಸ್ವಲ್ಪ..."

ಬ್ರೇಕಿನ ವಿಷಯಕ್ಕೆ ಕಾಯುವಷ್ಟು ಆಯುಷ್ಯ ತಮಗಿಲ್ಲ ಎಂದು ಮುದುಕರಿಗೆ ಅನ್ನಿಸಿರಬೇಕು. ಅವರು ಯಾರಿಗೂ ಹೇಳದೆ ಸೈಕಲ್ ಹತ್ತಿ, ಗಂಟೆ ಬಾರಿಸುತ್ತ, ದಡದ ಇಳಿಜಾರಿನಲ್ಲಿ ನೀರಿನ ಕಡೆ ಹೊರಟೇಬಿಟ್ಟಿದ್ದರು.

ರಾಯರ ತಲೆಯಲ್ಲಿ ಒಂದು ಕಡೆ ಕುರ್ಚಿ ತಿರುಗಿತು, ಇನ್ನೊಂದು ಕಡೆ ಮುದುಕರು ಸೊಂಟದವರೆಗೆ ಇಳಿದರು, ಆಮೇಲೆ ನಿಧಾನಕ್ಕೆ. ರಾಯರು ಸೋಮಾರಿ ಇರಬಹುದು, ಕೊಲೆಗಾರರಲ್ಲ.

"ಯಜಮಾನರೇ, ನಿಲ್ಲಿ," ಎಂದು ಅವರು ಕೂಗಿದರು. ಮೈಕು ಬಾಯಿಗೆ ಅಂಟಿಕೊಂಡೇ ಇತ್ತು. "ಅಲ್ಲಿ ದಾರಿ ಇಲ್ಲ. ಇರೋದು ಕೆಸರು. ನಾನು ಆ ದಾರೀಲಿ ಹೋಗೇ ಇಲ್ಲ. ನಾನು ದೋಣೀಲಿ ಹೋದೆ."

ನಾಲ್ಕು ಧ್ವನಿವರ್ಧಕಗಳು ಇದನ್ನು ಎರಡೂ ದಡಗಳಿಗೆ ಸ್ಪಷ್ಟವಾಗಿ ತಲುಪಿಸಿದವು. 'ದೋಣೀಲಿ ಹೋದೆ' ಎಂಬುದು ಆ ದಡಕ್ಕೆ ಬಡಿದು ಇನ್ನೊಮ್ಮೆ ವಾಪಸು ಬಂತು, ಯಾರಿಗಾದರೂ ಕೇಳಿಸದಿದ್ದರೆ ಇರಲಿ ಎಂದು. ಮುದುಕರ ಮುಂದಿನ ಚಕ್ರ ನೀರು ಮುಟ್ಟಿ ನಿಂತಿತು.

ನಿರ್ದೇಶಕಿ ವೇದಿಕೆಯ ಹತ್ತಿರ ಬಂದರು. "ದೋಣೀಲಿ ಹೋದ್ರೆ ಕೆಂಪು ಗುಂಡಿ ಒತ್ತಬೇಕಲ್ವಾ?"

"ಒತ್ತಬೇಕಿತ್ತು, ಮೇಡಂ."

"ಮತ್ತೆ?"

"ಬಾಳೆಹಣ್ಣು, ಮೇಡಂ."

ಪೆಂಡಾಲಿನೊಳಗಿಂದ ರಾಯರ ಹೆಂಡತಿಯ ದನಿ ಕೇಳಿಸಿತು. "ನನಗೆ ಬೆಳಿಗ್ಗೇನೇ ಅನುಮಾನ ಬಂತು. ಸಿಲಿಂಡರ್ ಸರಿಸೋಕಾಗದ ಮನುಷ್ಯ."

"ಅಂದ್ರೆ ನನ್ನನ್ನ ಕೆಸರಲ್ಲಿ ಹೂಳೋಕೆ ಹೊರಟಿದ್ರಾ?" ಮುದುಕರು ಕೆಳಗಿನಿಂದ ಕೇಳಿದರು. ಅವರ ದನಿಯಲ್ಲಿ ಭಯಕ್ಕಿಂತ ರೇಸು ತಪ್ಪಿದ ಬೇಸರವೇ ಹೆಚ್ಚಿತ್ತು.

ನಕ್ಷೆಗಾರ ತನ್ನ ಇಸ್ತ್ರಿಯ ತೋಳಿನಿಂದ ಇಲ್ಲದ ದೂಳು ಕೊಡವಿದ. ಹೇಳಬೇಕಾದ್ದನ್ನು ಬೇರೆಯವರೇ ಹೇಳಿ ಮುಗಿಸಿದಾಗ ಜನ ಹಾಗೆ ಮಾಡುತ್ತಾರೆ.

ಕುರ್ಚಿ ಹೋಯಿತು ಎಂಬುದು ರಾಯರಿಗೆ ಗೊತ್ತಾಯಿತು. ಆದರೂ ಬೆಳಿಗ್ಗೆಯಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದು ಹೋದಂತೆ ಹಗುರವೂ ಆಯಿತು. ಮಂಡಿ ಕೂಡ ನೋಯುತ್ತಿರಲಿಲ್ಲ. ಒಬ್ಬ ಮನುಷ್ಯನ ಜೀವ ಉಳಿಸಿದೆನಲ್ಲ ಎಂದು ಅವರು ಮೈಕು ಕೆಳಗಿಟ್ಟರು. ಈ ಸಂತೋಷವನ್ನು ಅವರು ಸುಮಾರು ಆರು ನಿಮಿಷ ಅನುಭವಿಸಿದರು.

ಏಳನೇ ನಿಮಿಷಕ್ಕೆ ಆಚೆ ದಡದ ಪೊದೆಗಳ ಹಿಂದಿನಿಂದ ಹರಟೆಯ ಸದ್ದು ಕೇಳಿಸಿತು. ಮೊದಲು ಒಂದು ಬುಟ್ಟಿ ಕಾಣಿಸಿತು, ಬುಟ್ಟಿಯ ಕೆಳಗೆ ಒಬ್ಬ ಹೆಂಗಸು. ಅವಳ ಹಿಂದೆ ಇನ್ನೊಂದು ಬುಟ್ಟಿ, ಇನ್ನೊಬ್ಬಳು. ಹೀಗೆ ಎಂಟು ಜನ, ಚಿಪ್ಪು ಆರಿಸುವ ಹೆಂಗಸರು, ಯಾರದೋ ಸೊಸೆಯ ವಿಚಾರ ಮಾತಾಡಿಕೊಳ್ಳುತ್ತ ಅಳಿವೆಯ ನಟ್ಟನಡುವೆ ನಡೆದು ಬಂದರು. ನೀರು ಅವರ ಪಾದದ ಗಂಟನ್ನೂ ಮುಟ್ಟಲಿಲ್ಲ. ನಕ್ಷೆಯಲ್ಲಿದ್ದ ಗೆರೆಯಿಂದ ಅವರು ಒಂದು ಮಾರು ಆಚೆ ಈಚೆ ಆಗಲಿಲ್ಲ.

ಇನ್ನೂರು ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದುದನ್ನು ಕಂಡು ಮುಂದಿದ್ದವಳು ದಡದಲ್ಲಿ ನಿಂತಳು. "ಏನಮ್ಮಾ, ಇಷ್ಟು ಜನ ಸೇರಿದ್ದೀರಿ. ಯಾರಾದ್ರೂ ಬಿದ್ರಾ?"

"ನೀವು ಎಲ್ಲಿಂದ ಬಂದ್ರಿ?" ಎಂದರು ನಿರ್ದೇಶಕಿ.

"ಆ ದಡದಿಂದ."

"ಹೇಗೆ?"

"ಕಾಲಲ್ಲಿ." ಹೆಂಗಸು ನಿರ್ದೇಶಕಿಯ ಹೆಲ್ಮೆಟ್ಟನ್ನು ಒಮ್ಮೆ ನೋಡಿ, ಪಾಪ ಎನ್ನಿಸಿ, ಬಿಡಿಸಿ ಹೇಳಿದಳು. "ಇಲ್ಲಿ ಕೆಳಗೆಲ್ಲ ಚಿಪ್ಪಮ್ಮಾ. ನಮ್ಮಜ್ಜಿ ಕಾಲದಿಂದ ಬಿದ್ದು ಬಿದ್ದು ಸಿಮೆಂಟಿನ ಹಾಗಾಗಿದೆ. ನೀರಿಳಿದ್ರೆ ಎರಡು ಗಂಟೆ ಹೊತ್ತು ದಾರಿ ತೆರೆದಿರುತ್ತೆ. ಆಚೆ ಈಚೆ ಕಾಲಿಟ್ರೆ ಮಾತ್ರ ಕೆಸರು."

"ಎಮ್ಮೆ ಮುಳುಗಿತ್ತಲ್ಲಮ್ಮಾ," ಎಂದರು ರಾಯರು. ಅವರ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. "ಕೊಂಬು ಕೂಡ ಸಿಗ್ಲಿಲ್ಲ ಅಂದ ದೋಣಿಯವನು."

"ಯಾವ ಎಮ್ಮೆ ಅಣ್ಣಾ? ಈ ಕಡೆ ಯಾರ ಮನೇಲೂ ಎಮ್ಮೆನೇ ಇಲ್ಲ." ಎಂಟೂ ಬುಟ್ಟಿಗಳು ನಗುವಿಗೆ ಅಲುಗಿದವು. "ನಡೆದು ಹೋಗ್ಬಹುದು ಅಂತ ಅವನ ಬಾಯಲ್ಲೇ ಹೇಳಿದ್ರೆ ಅವನ ದೋಣಿ ಯಾರು ಹತ್ತುತಾರೆ? ಕೇಳಿಕೇಳಿ ಅವನನ್ನ ಕೇಳಿದ್ರಲ್ಲ ನೀವು."

ದೋಣಿಯವನು ಬೆಳಿಗ್ಗೆ ಬಿಡಿಸಿದ್ದ ಗಂಟನ್ನು ಬಹಳ ಶ್ರದ್ಧೆಯಿಂದ ಮತ್ತೆ ಹಾಕುತ್ತಿದ್ದ.

ಮೇಷ್ಟ್ರು ಸೀಟಿ ಊದಿದರು. ಕ್ಷಣದಲ್ಲಿ ಹನ್ನೆರಡು ಸೈಕಲ್ಲುಗಳೂ ಸಾಲಾದವು. ಎಲ್ಲರಿಗಿಂತ ಮೊದಲು ನೀರಿಗಿಳಿದವನು ನಕ್ಷೆಗಾರ. ಜೀವನದಲ್ಲಿ ಮೊದಲ ಬಾರಿಗೆ ಅವನ ಪ್ಯಾಂಟಿಗೆ ಎರಡು ಹನಿ ಕೆಸರು ತಗುಲಿತು, ಅದನ್ನು ಅವನು ಒರೆಸಿಕೊಳ್ಳಲಿಲ್ಲ, ಪದಕದ ಹಾಗೆ ಇಟ್ಟುಕೊಂಡ. ಅವನ ಹಿಂದೆ ಮುದುಕರು. ಚಿಪ್ಪಿನ ದಾರಿ ಚಕ್ರದಡಿ ಕಟಕಟ ಎನ್ನುತ್ತಿತ್ತು, ಎರಡೂ ಬದಿಗೆ ನೀರು ಚಿಮ್ಮುತ್ತಿತ್ತು, ದಡದ ಜನ ಚಪ್ಪಾಳೆ ತಟ್ಟುತ್ತಿದ್ದರು. ಎಲ್ಲರ ಹಿಂದೆ ರಾಯರು ಸೈಕಲ್ ತಳ್ಳಿಕೊಂಡು ನಡೆದರು. ಅವರ ಮಂಡಿಗೆ ನೋವು ನೆನಪಾಗಿತ್ತು.

ಆ ದಡದಲ್ಲಿ ಮುದುಕರು ಅವರಿಗಾಗಿ ಕಾಯುತ್ತಿದ್ದರು. ಕೃತಜ್ಞತೆ ಹೇಳಲು ಇರಬೇಕೆಂದು ರಾಯರು ಹತ್ತಿರ ಹೋದರು.

"ನೀವು ತಡೀದೆ ಇದ್ದಿದ್ರೆ ನಾನೇ ಮೊದಲು," ಎಂದರು ಮುದುಕರು. "ಅರವತ್ತು ವರ್ಷ ಆದ್ಮೇಲೆ ಮತ್ತೆ ಎರಡನೆಯವನಾದೆ. ನಿಮ್ಮಿಂದ."

ನಿರ್ದೇಶಕಿ ಹೆಲ್ಮೆಟ್ ತೆಗೆದು ಎಲ್ಲರ ಕಡೆ ತಿರುಗಿದರು. "ಈ ನೆಲ ಗಟ್ಟಿ ಇದೆ, ಇಳಿತದಲ್ಲಿ ತೆರೆಯುತ್ತೆ, ಹಿರಿಯರೂ ಹೋಗಬಹುದು. ಮೂರೂ ಮಾತು ಅಕ್ಷರ ಅಕ್ಷರ ನಿಜವಾಯ್ತು. ಬರೆದವರು ನಮ್ಮ ನಕ್ಷೆಗಾರರು. ಇನ್ನು ಮೇಲೆ ಅವರೇ ಮೇಲ್ವಿಚಾರಕರು."

"ಬಣ್ಣ ನೋಡಿದ್ರೆ ಗೊತ್ತಾಗುತ್ತೆ, ಮೇಡಂ," ಎಂದ ನಕ್ಷೆಗಾರ, ನೆಲ ನೋಡುತ್ತ.

"ಮೇಡಂ," ರಾಯರಿಗೆ ತಡೆಯಲಾಗಲಿಲ್ಲ. "ಅವರೂ ಇಲ್ಲಿಗೆ ಬಂದು ನೋಡಿರ್ಲಿಲ್ಲ."

"ಅವರು ನೋಡದೆ ಇದೆ ಅಂದ್ರು, ಇತ್ತು. ನೀವು ನೋಡದೆ ಇಲ್ಲ ಅಂದ್ರಿ, ಆಗಲೂ ಇತ್ತು. ವ್ಯತ್ಯಾಸ ಗೊತ್ತಾಗ್ತಿದೆಯಾ?"

ರಾಯರಿಗೆ ಗೊತ್ತಾಗಲಿಲ್ಲ. ಆದರೆ ಸುತ್ತಲಿದ್ದವರೆಲ್ಲ ತಲೆಯಾಡಿಸಿದ್ದರಿಂದ ಅವರೂ ಆಡಿಸಿದರು.

"ನಿಮ್ಮ ಪ್ರಾಮಾಣಿಕತೆ ದೊಡ್ಡದು, ಇಲ್ಲ ಅನ್ನಲ್ಲ," ನಿರ್ದೇಶಕಿಯ ದನಿ ಮೆತ್ತಗಾಯಿತು. "ಆದ್ರೆ ಒಂದು ಗೆರೆ ದೋಣೀದು ಅಂತ ನೀವೇ ಮೈಕಲ್ಲಿ ಒಪ್ಕೊಂಡ ಮೇಲೆ ಉಳಿದ ಹದಿಮೂರನ್ನ ನಾನು ಯಾವ ಧೈರ್ಯದ ಮೇಲೆ ನಂಬಲಿ? ಎರಡರ ಮರಳದಿಬ್ಬ ನೀವು ಜೀಪಲ್ಲಿ ಹತ್ತಿರಬಹುದು. ಹನ್ನೊಂದರಲ್ಲಿ ಬಸ್ಸಿರಬಹುದು."

"ಹನ್ನೊಂದರಲ್ಲಿ ನಾಯಿ ಇತ್ತು, ಮೇಡಂ. ಆಣೆ ಮಾಡಿ ಹೇಳ್ತೀನಿ, ಹದಿಮೂರನ್ನೂ ನಾನೇ ತುಳಿದಿದೀನಿ."

"ಇರಬಹುದು. ಸೋಮವಾರದಿಂದ ಇನ್ನೊಮ್ಮೆ ತುಳಿದುಬಿಡಿ. ಈ ಸಲ ಪಕ್ಕದಲ್ಲಿ ಒಬ್ಬರು ಸಾಕ್ಷಿ ಬೇಕು, ಕಟ್ಟುನಿಟ್ಟಿನವರು, ಒಂದು ಗಳಿಗೆಯೂ ಬಿಡದೆ ಜೊತೆಗಿರೋರು..."

ಮಾತು ಮುಗಿಯುವ ಮೊದಲೇ ಸೀಟಿ ಕೇಳಿಸಿತು. "ನಾನಿದೀನಿ, ಭಾವ," ಎಂದರು ಮೇಷ್ಟ್ರು. "ದಿನಾ ಬೆಳಿಗ್ಗೆ ಐದಕ್ಕೆ ನಿಮ್ಮ ಬಾಗಿಲಲ್ಲಿರ್ತೀನಿ."

ರಾಯರು ಕಣ್ಣು ಮುಚ್ಚಿದರು. ಮರಳದಿಬ್ಬ, ಉಪ್ಪಿನ ಬದು, ದೀಪಸ್ತಂಭ, ಒಂದಾದ ಮೇಲೊಂದು ಸಾಲಾಗಿ ಬಂದು ನಿಂತವು. ಹದಿಮೂರರ ಜೊತೆಗೆ ಸೇತುವೆ ಸುತ್ತುವ ಹದಿನೆಂಟು ಕಿಲೋಮೀಟರನ್ನೂ ಈಗಲೇ ಕೇಳಿಕೊಂಡುಬಿಡುವುದು ಮೇಲು ಎನ್ನಿಸಿತು.

"ಒಂಬತ್ತನೇದನ್ನೂ ತುಳೀಬೇಕಾ, ಮೇಡಂ?"

"ಒಂಬತ್ತು ಯಾಕ್ರೀ?" ನಿರ್ದೇಶಕಿ ನಿಜಕ್ಕೂ ಆಶ್ಚರ್ಯಪಟ್ಟರು. "ಇನ್ನೂರು ಜನ ಕಣ್ಣಾರೆ ನೋಡಿದ್ದಾರೆ. ನಿಮ್ಮ ಹದಿನಾಲ್ಕರಲ್ಲಿ ಕಣ್ಣುಮುಚ್ಚಿ ನಂಬಬಹುದಾದ ಗೆರೆ ಅಂದ್ರೆ ಅದೊಂದೇ."